ಕರೆಯದೆ ಬಂದ ನೆಂಟ

ಮಂಗಳವಾರ, ಮಧ್ಯಾಹ್ನ

ನನ್ನ ಗುಬ್ಬಚ್ಚಿ,

ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಅವಸರದಲ್ಲಿ ಗೀಚುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಮ್ಮ ಲ್ಯಾಬಿನ ಹುಚ್ಚಾಟ ನಿನಗೆ ಗೊತ್ತಲ್ಲ? ರೋಗಿಗಳ ಕ್ರೋಮೋಸೋಮುಗಳನ್ನು ಜೋಡಿ ಜೋಡಿಯಾಗಿ ಕೂರಿಸುವಾಗ ಹೆಚ್ಚಿನದೊಂದು ಸಿಕ್ಕರೆ, ಕಂಡವರು “ನೆಂಟ ಬಂದ್ನಪ್ಪೋ!” ಎಂದು ಕೂಗಬೇಕು, ಉಳಿದವರು ಚಹಾ ಕುಡಿಸಬೇಕು. ದಿನವಿಡೀ ಮೈಕ್ರೋಸ್ಕೋಪಿಗೆ ಕತ್ತು ಬಗ್ಗಿಸುವವರಿಗೆ ಅಷ್ಟಾದರೂ ಮೋಜು ಬೇಡವೇ? ಸ್ಲೈಡಿನ ಮೇಲೆ ಸಂಖ್ಯೆ ಮಾತ್ರ ಇರುತ್ತದೆ, ಹೆಸರಿರುವುದಿಲ್ಲ.

ನಿನ್ನೆ ಕೂಗಿದವಳು ನಾನು. ಎಂಟನೆಯ ಜೋಡಿಯಲ್ಲಿ ಮೂರು ಕೂತಿದ್ದವು. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಮೂಲವಾದ ಗಿಡ್ಡ ಕ್ರೋಮೋಸೋಮೂ ಒಂದಿರುವ ಕಡೆ ಎರಡಾಗಿತ್ತು. ಚಿತ್ರ ಎಷ್ಟು ಚೆಂದ ಬಂದಿದೆ ನೋಡಿ ಎಂದು ಎಲ್ಲರಿಗೂ ತೋರಿಸಿ, ಬಿಟ್ಟಿ ಚಹಾ ಹೀರುತ್ತಾ, ವರದಿಗೆ ಸಹಿ ಹಾಕಲು ಕಂಪ್ಯೂಟರಿನಲ್ಲಿ ಆ ಸಂಖ್ಯೆಯ ಹೆಸರು ತೆರೆದೆ. ನಿನ್ನ ಹೆಸರು ಕಣೇ!

ಅದೇ ಹೆಸರಿನ ಬೇರೆ ಯಾರೋ ಇರಬೇಕೆಂದು ಹುಟ್ಟಿದ ದಿನ ನೋಡಿದೆ. ನಿನ್ನದೇ. ಸ್ಲೈಡ್ ಅದಲುಬದಲಾಗಿರಲಿ ದೇವರೇ ಎಂದು ಬೇಡಿಕೊಂಡೆ. ಖಚಿತಪಡಿಸಿಕೊಳ್ಳಲು ಜೊತೆಯವಳು ಬಣ್ಣದ ಚುಕ್ಕಿ ಹೊಳೆಯುವ ಪರೀಕ್ಷೆಯನ್ನೂ ಮಾಡಿದಳು. ಇವತ್ತು ಬೆಳಿಗ್ಗೆ ನೋಡಿದರೆ ಅದರಲ್ಲೂ ಅದೇ.

ಭಾನುವಾರ ನಿನ್ನ ಆ ಕ್ಯಾನ್ಸರಿನ ವಿಷಯ ಕೇಳಿದ್ದಕ್ಕೆ ನೀನು, “ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿದೆ, ಸುಮ್ನೆ ತಲೆ ತಿನ್ಬೇಡ” ಅಂದೆಯಲ್ಲ? ಆಗಲೇ ನೀನು ಸೊಂಟದ ಮೂಳೆಗೆ ಚುಚ್ಚಿಸಿಕೊಂಡು ಪರೀಕ್ಷೆಗೆ ಮಜ್ಜೆ ಕೊಟ್ಟು ಬಂದಿದ್ದೆ! ಸೂಜಿ ಕಂಡರೆ ಮೂರ್ಛೆ ಹೋಗುವ ಅಕ್ಕನಿಗೆ ಯಾಕೆ ಹೇಳಬೇಕು ಎಂದುಕೊಂಡೆಯಾ? ಸಿಟ್ಟು ನೆತ್ತಿಗೇರಿದೆ. ಸಿಟ್ಟಿಗಿಂತ ಭಯವೇ ಹೆಚ್ಚು.

ವರದಿ ನಿನ್ನ ಡಾಕ್ಟರಿಗೆ ಹೋಗಿದೆ. ಇಂಥ ನೆಂಟರು ಬಂದರೆ ಕಾಯಿಲೆ ಮಾತ್ರೆಗೆ ಬಗ್ಗದೆ ಜೋರು ಮಾಡತೊಡಗಿದೆ ಎಂದು ನಾವು ಹೆದರುತ್ತೇವೆ. ಮದ್ದು ಬದಲಿಸಬಹುದು, ಮೂಳೆಮಜ್ಜೆಯ ಕಸಿಯೇ ಬೇಕೆನ್ನಬಹುದು. ಕರೆದ ಕೂಡಲೇ ಹೋಗು, ಆಮೇಲೆ ನೋಡೋಣ ಎನ್ನಬೇಡ. ಮಜ್ಜೆ ಕೊಡುವವರು ಯಾರು ಸಿಗುತ್ತಾರೆಂದು ಈಗಲೇ ಅಳುತ್ತಾ ಕೂರಬೇಡ.

ಸ್ಯಾಂಪಲ್ ತರುವ ವ್ಯಾನಿನ ಡ್ರೈವರಣ್ಣನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಾಳೆ ನಾನೇ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಒದ್ದು ಒಳಗೆ ಬರುತ್ತೇನೆ.

ಆ ಚಹಾ ಇನ್ನೂ ಗಂಟಲಲ್ಲೇ ನಿಂತಿರುವ,
ನಿನ್ನ ಅಕ್ಕ

ತಾ.ಕ.: ನಿನ್ನ ಕಾಯಿಲೆ ಮೊದಲು ಗೊತ್ತಾದಾಗಲೇ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ತೋಳು ಚಾಚಿ ರಕ್ತ ಕೊಟ್ಟು, ನನ್ನ ಮಜ್ಜೆ ನಿನಗೆ ಹೊಂದುತ್ತದೆಯೇ ಎಂದು ಪರೀಕ್ಷೆ ಮಾಡಿಸಿದ್ದೆ. ಅದು ಬೇಕಾಗುವ ದಿನವೇ ಬಾರದಿರಲಿ ಎಂದು ನಿನಗೆ ಹೇಳಿರಲಿಲ್ಲ. ಪೂರ್ತಿ ಹೊಂದುತ್ತದೆ ಕಣೇ.