ದಿಂಬಿನ ಪಕ್ಕದ ನೀರು

ಜುಲೈ 9, ಬುಧವಾರ. ಬೆಳಿಗ್ಗೆ

ಮತ್ತೆ ಅದೇ ನೀಲಿ.

ಉಪ್ಪುನೀರಿನ ಮೀನಿನ ಟ್ಯಾಂಕಿನ ನೀರು ಸಣ್ಣ ಗಾಜಿನ ನಳಿಕೆಗೆ ಹಾಕಿ, ಟೆಸ್ಟ್ ಕಿಟ್ಟಿನ ಹನಿ ಬಿಟ್ಟು, ಪುಡಿ ಹಾಕಿ, ಅಲುಗಾಡಿಸಿ ಕಾದೆ. ತಿಳಿಯಾಗೇ ಉಳಿಯಬೇಕು. ನೀಲಿ ಏರಿದಷ್ಟೂ ಫಾಸ್ಫೇಟ್. ಬಣ್ಣದ ಕಾರ್ಡಿನ ಕೊನೆಯ ಚೌಕದ ಹತ್ತಿರ ಹೋಗಿ ನಿಂತಿದೆ. ಭಾನುವಾರ ತಾನೇ ಅರ್ಧ ಟ್ಯಾಂಕ್ ನೀರು ಬದಲಿಸಿದ್ದೆ. ಆ ಕಷ್ಟವೆಲ್ಲ ಎಲ್ಲಿ ಹೋಯಿತು?

ಕಲ್ಲುಗಳ ಮೇಲೆ ಪಾಚಿ, ಕೂದಲು ಬೆಳೆದಂತೆ. ಬೆರಳು ಬೆರಳಾಗಿ ಅರಳುವ ಟಾರ್ಚ್ ಹವಳ ಅರ್ಧ ಮುದುಡಿದೆ.

ಮಗಳು ಅನು ಇವತ್ತೂ ಸ್ಕೂಲಿಗೆ ಹೋಗಲಿಲ್ಲ. ಕೆಮ್ಮು. ನೆಬ್ಯುಲೈಸರ್ ಮಾಸ್ಕ್ ಹಾಕಿಕೊಂಡು ಟ್ಯಾಂಕಿನ ಮುಂದೆ ಕೂತಿದ್ದಳು. ಬೇರೆಲ್ಲಿ ಕೂರಿಸಿದರೂ ಮಾಸ್ಕ್ ಕಿತ್ತು ಎಸೆಯುತ್ತಾಳೆ. ಇಲ್ಲಿ ಮಾತ್ರ, ಜೋಡಿ ಕ್ಲೌನ್ ಮೀನು ಹವಳದೊಳಗೆ ನುಗ್ಗಿ ಹೊರಬರುವುದನ್ನು ನೋಡುತ್ತಾ, ಸುಮ್ಮನೆ ಉಸಿರೆಳೆದುಕೊಳ್ಳುತ್ತಾಳೆ. ಎಂಟು ವರ್ಷದ ಹುಡುಗಿ. ಇದೊಂದು ಟ್ಯಾಂಕ್ ಹಾಳಾದರೆ ಅವಳನ್ನು ಎಲ್ಲಿ ಕೂರಿಸಲಿ?

ಕಾಲೇಜಿಗೆ ತಡ. ಸೆಕೆಂಡ್ ಪಿಯುಗೆ ಆನುವಂಶೀಯತೆಯ ಪಾಠ. ಹೊರಟೆ.

ಜುಲೈ 11

ಆರ್‌ಓ ನೀರು ಟೆಸ್ಟ್ ಮಾಡಿದೆ. ಸ್ವಚ್ಛ. ಅದಕ್ಕೆ ಸಮುದ್ರದ ಉಪ್ಪು ಬೆರೆಸಿ ಮತ್ತೆ ಟೆಸ್ಟ್. ಅದೂ ಸ್ವಚ್ಛ. ನಲ್ಲಿ ನೀರೇ ಕಾರಣ ಎಂದು ಗಟ್ಟಿಯಾಗಿ ನಂಬಿದ್ದೆ. ಕಾಲುವೆ ನೀರು, ಸುತ್ತಲೂ ಭತ್ತದ ಗದ್ದೆ, ಗೊಬ್ಬರ ಬಸಿದು ಬಂದಿರುತ್ತದೆ ಅಂತ. ಬಂದಿದ್ದರೂ ಆರ್‌ಓ ಯಂತ್ರದ ಮೆಂಬ್ರೇನ್ ತಡೆದಿದೆ. ಹಾಗಾದರೆ ನೀರಲ್ಲ.

ಆಹಾರ ಇರಬೇಕು. ಇನ್ನು ಮೇಲೆ ದಿನ ಬಿಟ್ಟು ದಿನ, ಚಿಟಿಕೆಯಷ್ಟೇ. ಫ್ರೋಜನ್ ಸಿಗಡಿ ತೊಳೆದು ಹಾಕಬೇಕು.

ಕಾಲುವೆಗೆ ನೀರು ಬಿಟ್ಟಿದ್ದಾರೆ. ಕೆಳಗೆ ನಮ್ಮ ಗೊಬ್ಬರದಂಗಡಿಯಲ್ಲಿ ಸೀಜನ್ ಶುರು. ಇವರು ಬೆಳಿಗ್ಗೆ ಇಳಿದರೆ ಊಟಕ್ಕೂ ಮೇಲೆ ಬರುವುದಿಲ್ಲ. ಡಿಎಪಿ ಸಿಗುತ್ತಿಲ್ಲವಂತೆ, ಈ ಸಲ ಎಲ್ಲರಿಗೂ ಸೂಪರ್ ಫಾಸ್ಫೇಟೇ ಕೊಡುತ್ತಿದ್ದಾರೆ. ತುರ್ವಿಹಾಳ, ಸಾಲಗುಂದ, ಮುಕ್ಕುಂದದ ಟ್ರ್ಯಾಕ್ಟರುಗಳು ರಸ್ತೆತನಕ ನಿಂತಿವೆ.

ಜುಲೈ 16

ಹೈದರಾಬಾದಿನಿಂದ ಜಿಎಫ್‌ಓ ಬಂತು. ತುಕ್ಕಿನ ಬಣ್ಣದ ಕಾಳು, ಫಾಸ್ಫೇಟ್ ಹೀರಿಕೊಳ್ಳುತ್ತದೆ. ಫಿಲ್ಟರಿಗೆ ತುಂಬಿಸಿದೆ. ಸಂಜೆಗೇ ಬಣ್ಣ ಇಳಿಯಿತು! ಅನುವನ್ನು ಕರೆದು ನಳಿಕೆ ತೋರಿಸಿದೆ. ಇನ್ನು ಟಾರ್ಚ್ ಅರಳತಾದೇನು ಅಂದಳು. ಅರಳತಾದ ಅಂದೆ.

ಜುಲೈ 20

ಏರಿದೆ. ಮೊದಲಿಗಿಂತ ಹೆಚ್ಚು. ಒಂದು ತಿಂಗಳು ಬರಬೇಕಾದ ಕಾಳು ನಾಲ್ಕೇ ದಿನಕ್ಕೆ ಸತ್ತುಹೋಯಿತು.

ಟ್ಯಾಂಕಿನ ಕಲ್ಲುಗಳೇ ಫಾಸ್ಫೇಟ್ ಬಿಡುತ್ತಿರಬಹುದು. ಒಂದು ಕಲ್ಲು ತೆಗೆದು ಹೊಸ ಉಪ್ಪುನೀರಿನ ಬಕೆಟ್ಟಿನಲ್ಲಿಟ್ಟು ಮುಚ್ಚಳ ಹಾಕಿದ್ದೇನೆ. ನೋಡೋಣ.

ರಾತ್ರಿ ಊಟಕ್ಕೆ ಕೂತಾಗ ಇವರ ಜೊತೆ ಮಾತು ಬೆಳೆಯಿತು. ಮಗಳ ಕೆಮ್ಮು ಬಿಟ್ಟು ಮೀನಿನ ನೀರು ಹಿಡಿದು ಕೂತಿದ್ದೇನಂತೆ. ಮಗಳಿಗಾಗಿಯೇ ಹಿಡಿದು ಕೂತಿರುವುದು ಅಂದೆ. ಮಾವ ಅಮರಗುಂಡಪ್ಪನವರು ಊಟದ ಹೊತ್ತಿಗೆ ಯಾರ ಪರವೂ ಮಾತಾಡುವವರಲ್ಲ. ಮೊಮ್ಮಗಳ ತಾಟಿಗೆ ತುಪ್ಪ ಹಾಕಿ ಎದ್ದರು.

ಜುಲೈ 22

ಬಕೆಟ್ಟಿನ ನೀರು: ಬಹಳ ತೆಳು ನೀಲಿ. ಇದ್ದೂ ಇಲ್ಲದಂತೆ. ಕಲ್ಲಿನದ್ದು ಇಷ್ಟೇ ಆದರೆ ಟ್ಯಾಂಕಿನಲ್ಲಿ ಅಷ್ಟು ಎಲ್ಲಿಂದ?

ನೀರಲ್ಲ. ಉಪ್ಪಲ್ಲ. ಆಹಾರವಲ್ಲ. ಕಲ್ಲೂ ಅಲ್ಲ.

ತಲೆ ಓಡುತ್ತಿಲ್ಲ. ಕ್ಲಾಸಿನಲ್ಲಿ ಹೇಳಿದ್ದನ್ನೇ ಎರಡು ಸಲ ಹೇಳಿದೆ, ಹುಡುಗಿಯರು ನಕ್ಕರು.

ಜುಲೈ 31

ಬರೆಯಲು ಆಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅನುವಿಗೆ ಉಸಿರು ಸಿಕ್ಕಲಿಲ್ಲ. ಮನೆಗೆಲಸದ ಶಂಶಾದ್‌ಬೀ ಕಾಲೇಜಿಗೆ ಫೋನ್ ಮಾಡಿದಳು. ನಾನು ಬರುವಷ್ಟರಲ್ಲಿ ತುಟಿ ಕಪ್ಪಾಗಿತ್ತು. ಟ್ಯಾಂಕಿನ ಮುಂದೆಯೇ ಕೂತಿದ್ದಳು, ಎರಡೂ ಕೈ ನೆಲಕ್ಕೆ ಊರಿ, ಭುಜ ಮೇಲೆ ಕೆಳಗೆ. ಲೋಡ್ ತರಲು ಹೋಗಿದ್ದ ಇವರು ಆಗಲೇ ಬಂದು ಎತ್ತಿಕೊಂಡು ಓಡಿದರು. ಮೈಯೆಲ್ಲ ಗೊಬ್ಬರದ ಪುಡಿ, ಹಾಗೇ.

ಡಾ. ಶಾಕೀರ್ ಆಕ್ಸಿಜನ್ ಹಚ್ಚಿದರು. ಸೂಜಿ, ಸಲೈನ್. ಮರುದಿನ ಸಂಜೆ, ಮನೆಯಲ್ಲಿ ಧೂಳಿದೆಯೇ ಎಂದು ಕೇಳಿದರು. ದಿನಕ್ಕೆ ಎರಡು ಸಲ ಒರೆಸುತ್ತೇವೆ ಎಂದು ಇವರು ಹೇಳಿದರು. ನಾನೂ ತಲೆ ಆಡಿಸಿದೆ.

ನಿನ್ನೆ ಮನೆಗೆ ಬಂದೆವು. ಹಾಸಿಗೆ ಅದೇ ಕೋಣೆಯಲ್ಲಿ, ಟ್ಯಾಂಕಿನ ಪಕ್ಕ. ಅವಳಿಗೆ ಅಲ್ಲೇ ಬೇಕು.

ಟಾರ್ಚ್ ಸತ್ತಿದೆ. ಆಸ್ಪತ್ರೆಯಲ್ಲಿದ್ದಾಗ ಯಾವಾಗಲೋ. ಬಿಳಿ ಎಲುಬು ಮಾತ್ರ. ಅವಳು ಏಳುವ ಮೊದಲು ತೆಗೆದೆ. ಎದ್ದು ನೋಡಿದಳು, ಅದು ಇದ್ದ ಕಡೆ ಗಾಜಿನ ಮೇಲೆ ಬೆರಳು ಇಟ್ಟಳು.

ಆಗಸ್ಟ್ 2, ಶನಿವಾರ. ಮಧ್ಯಾಹ್ನ

ನೀರಿನ ಕೊಳೆಯನ್ನು ನೊರೆಯಾಗಿ ಎತ್ತುವ ಯಂತ್ರ, ಸ್ಕಿಮ್ಮರ್, ನೊರೆ ಕಟ್ಟುತ್ತಿರಲಿಲ್ಲ. ಬಿಚ್ಚಿದೆ. ಗಾಳಿಯ ಕೊಳವೆ ಮುಚ್ಚಿಹೋಗಿದೆ. ಬೂದು ಬಣ್ಣದ ಹಕ್ಕಳೆ, ಸುಣ್ಣ ಕಟ್ಟಿದ ಹಾಗೆ. ಪಿನ್ನಿನಿಂದ ಕೆರೆದೆ, ಉದುರಿತು. ವಾಸನೆ ನೋಡಿದೆ.

ಗೊತ್ತಿದ್ದ ವಾಸನೆ. ಹತ್ತು ವರ್ಷದಿಂದ ಇವರ ಅಂಗಿ ಒಗೆಯುವಾಗ ಬರುವ ಹುಳಿ ವಾಸನೆ.

ಆರ್‌ಓ ನೀರಿಗೆ ಒಂದು ಚೂರು ಹಾಕಿ ಟೆಸ್ಟ್ ಮಾಡಿದೆ. ಕಾಯಬೇಕಾಗಲಿಲ್ಲ. ಶಾಯಿ ಸುರಿದಂತೆ.

ಸ್ಕಿಮ್ಮರ್ ದಿನವಿಡೀ ಮಾಡುವುದೇನು? ಕೋಣೆಯ ಗಾಳಿ ಎಳೆದು ನೀರಿಗೆ ಊದುತ್ತದೆ. ಗಾಳಿಯಲ್ಲಿ ಏನಿದೆಯೋ ಅದನ್ನೆಲ್ಲ.

ಹಿಂದಿನ ಕಿಟಕಿಗೆ ಹೋಗಿ ಕೆಳಗೆ ನೋಡಿದೆ. ಮಳೆಗಾಲದ ಥಂಡಿಗೆ ಸೂಪರ್ ಫಾಸ್ಫೇಟ್ ಗಟ್ಟಿಯಾಗುತ್ತದೆ. ಅಂಗಳದಲ್ಲಿ ಹಮಾಲರು ಹೆಂಟೆ ಒಡೆದು, ಜರಡಿ ಹಿಡಿದು, ಬೇರೆ ಚೀಲಕ್ಕೆ ತುಂಬುತ್ತಿದ್ದರು. ಧೂಳು ಬೂದು ಹೊಗೆಯಂತೆ ಮೇಲೆ ಏಳುತ್ತಿತ್ತು. ಜೂನ್‌ನಿಂದ ದಿನಾ ಇದೇ. ದಿನಾ ನೋಡಿದ್ದೇನೆ.

ಅನು ಹಿಂದೆ ಹಾಸಿಗೆಯಲ್ಲಿ ಮಲಗಿ ಚಿತ್ರ ಬರೆಯುತ್ತಿದ್ದಳು. ಕೆಮ್ಮಿದಳು.

ಕಿಟಕಿ ಮುಚ್ಚಬೇಕು. ಆಮೇಲೆ ಬರೆಯುತ್ತೇನೆ.

ಅದೇ ದಿನ, ಸಂಜೆ

ಕಿಟಕಿ ಮುಚ್ಚಿದೆ. ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿದೆ. ಅವಳನ್ನು ಮುಂದಿನ ಕೋಣೆಗೆ, ನಮ್ಮ ಮಂಚಕ್ಕೆ ಒಯ್ದೆ. ಅಳು, ರಂಪ.

ಎರಡು ಬಟ್ಟಲು ಆರ್‌ಓ ನೀರು. ಒಂದಕ್ಕೆ ತಾಟು ಮುಚ್ಚಿ ಅಡುಗೆಮನೆಯಲ್ಲಿ ಇಟ್ಟೆ. ಇನ್ನೊಂದು ತೆರೆದದ್ದು, ಮುಂದಿನ ಕೋಣೆಯಲ್ಲಿ, ಅವಳ ದಿಂಬಿನ ಪಕ್ಕದ ಸ್ಟೂಲಿನ ಮೇಲೆ. ಅಲ್ಲಿಗೂ ಬರುತ್ತದೋ ಇಲ್ಲವೋ ತಿಳಿಯಬೇಕು. ಬರಬಾರದು.

ಆಗಸ್ಟ್ 4, ಸೋಮವಾರ

ಬರುತ್ತದೆ.

ಮುಚ್ಚಿದ ಬಟ್ಟಲಿನ ನೀರು ತಿಳಿ. ದಿಂಬಿನ ಪಕ್ಕದ ನೀರು ನೀಲಿ. ಟ್ಯಾಂಕಿನಷ್ಟು ಇಲ್ಲ, ಆದರೆ ನೀಲಿ. ನಳಿಕೆ ಎತ್ತಿ ಬೆಳಕಿಗೆ ಹಿಡಿದೆ. ಎಷ್ಟು ಚಂದದ ಬಣ್ಣ.

ಮೀನಿಗಾಗಿ ನೀರು ಸೋಸಿದೆ, ಉಪ್ಪು ಅಳೆದೆ, ಕಲ್ಲು ಪರೀಕ್ಷೆ ಮಾಡಿದೆ. ಅದೇ ಕೋಣೆಯಲ್ಲಿ ಇವಳು...

ಎರಡೂ ನಳಿಕೆ ಹಿಡಿದು ಕೆಳಗೆ ಇಳಿದೆ. ಅಂಗಡಿ ತುಂಬ ರೈತರು. ಸೊಸೆಯಾಗಿ ಬಂದ ಮೇಲೆ ಗಿರಾಕಿಗಳ ನಡುವೆ ಹೀಗೆ ಹೋಗಿ ನಿಂತದ್ದು ಇದೇ ಮೊದಲು. ಇವರು ಎದ್ದು ಬಂದು ಒಳಗೆ ನಡೆ ಅಂದರು. ಹೋಗಲಿಲ್ಲ. ಗಲ್ಲಾದ ಮೇಲೆ ಎರಡೂ ನಳಿಕೆ ಇಟ್ಟು, ಯಾವುದು ಎಲ್ಲಿಯ ನೀರು ಅಂತ ಹೇಳಿದೆ. ನೀಲಿ ಯಾಕೆ ಬರುತ್ತದೆ ಅಂತಲೂ ಹೇಳಿದೆ. ಪಾಠ ಮಾಡುವ ದನಿಯಲ್ಲೇ. ಬೇರೆ ದನಿ ಇರಲಿಲ್ಲ.

ಇವರು, ಅಪ್ಪನ ಕಾಲದಿಂದ ಈ ಧೂಳಿನಾಗ ಬೆಳೆದೀವಿ, ನಮಗೇನಾಗ್ಯಾದ ಅಂದರು.

ಮಾವ ಚಷ್ಮಾ ಹಾಕಿಕೊಂಡು ನೀಲಿ ನಳಿಕೆ ಎತ್ತಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ,

"ಯವ್ವಾ, ಇದು ಕೂಸಿನ ಎದಿಯೊಳಗ ಹೋಗ್ಯಾದೇನು?"

"ಹೋಗಾಕತ್ತಾದ್ರಿ ಮಾವಾರ. ಈಗೂ."

ಮಾವ ಹಿಂದಿನ ಬಾಗಿಲಿಗೆ ಹೋಗಿ ಜರಡಿ ನಿಲ್ಲಿಸಲು ಹೇಳಿದರು. ನಿಂತಿತು. ಒಂದು ತಾಸು. ಆಮೇಲೆ ಇವರು ಮತ್ತೆ ಶುರು ಮಾಡಿಸಿದರು, ಲೋಡ್ ನಿಂತಿತ್ತು. ಗೋದಾಮು ಬೇರೆ ಕಡೆ ಒಯ್ಯಬೇಕೆಂದರೆ ಸೀಜನ್ ಮುಗಿಯಬೇಕಂತೆ. ಒಂದೂವರೆ ತಿಂಗಳು ತಡಿ ಅಂದರು.

ತಡಿ.

ಆಗಸ್ಟ್ 5. ಮಸ್ಕಿ

ಲಿಂಗಸೂಗೂರು ಬಸ್ ಹಿಡಿದು ಅವ್ವನ ಮನೆಗೆ ಬಂದೆ. ಒಂದು ಬ್ಯಾಗ್, ನೆಬ್ಯುಲೈಸರ್, ಟೆಸ್ಟ್ ಕಿಟ್. ಕಾಲೇಜಿಗೆ ರಜೆ ಬರೆದೆ. ಟ್ಯಾಂಕ್ ಬಿಟ್ಟು ಬಂದೆ. ಆಹಾರ ಯಾವಾಗ, ನೀರು ಎಷ್ಟು ಎಂದು ಇವರಿಗೆ ಹೇಳಿದೆ. ಕೇಳಿಸಿಕೊಂಡರೋ ಇಲ್ಲವೋ. ಬಾಗಿಲಲ್ಲಿ ನಿಂತಿದ್ದರು, ತಡೆಯಲಿಲ್ಲ.

ಅನು ಬಸ್ಸಿನುದ್ದಕ್ಕೂ ಅತ್ತಳು. ಅತ್ತರೆ ಉಸಿರು ಕಟ್ಟುತ್ತದೆ. ಅಳಬ್ಯಾಡ ಅಂತ ಬೈದೆ. ಬೈದದ್ದಕ್ಕೆ ಇನ್ನಷ್ಟು ಅತ್ತಳು.

ಅವ್ವ ಬಸವಣ್ಣೆಮ್ಮ ಅಂದರೆ ಬಾಯಿ ಜೋರು ಅಂತ ಓಣಿಯಲ್ಲೆಲ್ಲ ಹೆಸರು. ಇವತ್ತು ಸುಮ್ಮನೆ ಹಾಸಿಗೆ ಒಗೆದು ಹಾಕಿದಳು.

ಆಗಸ್ಟ್ 8

ದಿಂಬಿನ ಪಕ್ಕ ಬಟ್ಟಲು ಇಟ್ಟಿದ್ದೆ. ತಿಳಿ. ನೀರಿನಂತೆ ನೀರು. ಅಡುಗೆಮನೆಗೆ ಹೋಗಿ ಅವ್ವನ ಸೆರಗು ಹಿಡಿದು ಅತ್ತೆ.

ಆಗಸ್ಟ್ 15

ಅನು ನಾಲ್ಕು ದಿನದಿಂದ ಮಾಸ್ಕ್ ಕೇಳಿಲ್ಲ. ಆದರೂ ನಂಬಿಕೆ ಬರುತ್ತಿಲ್ಲ. ಹಗಲು ಮಲಗಿದರೂ ಎದೆಗೆ ಕಿವಿ ಇಟ್ಟು ಕೇಳುತ್ತೇನೆ. ಒಮ್ಮೊಮ್ಮೆ ಸೀಟಿ ಹೊಡೆದಂತೆ, ಒಮ್ಮೊಮ್ಮೆ ಇಲ್ಲ.

ಇವರ ಫೋನ್ ಇಲ್ಲ. ನಾನೂ ಮಾಡಿಲ್ಲ. ಮಾವ ಮಾಡುತ್ತಾರೆ, ಮೊಮ್ಮಗಳ ಜೊತೆ ಮಾತಾಡಿ ಇಡುತ್ತಾರೆ. ಹವಳ ಎಲ್ಲಾ ಹೋದವಂತ ಮಮ್ಮಿ, ಮೀನು ಅದಾವಂತ, ಅಂದಳು.

ಒಂದೂವರೆ ತಿಂಗಳು ಕಳೆದ ಮೇಲೆ? ಗೋದಾಮು ಒಯ್ಯದಿದ್ದರೆ? ಕೆಲಸ ಬಿಡಲೇ, ಮನೆ ಬಿಡಲೇ? ಯಾವುದನ್ನೂ ಕೊನೆತನಕ ಯೋಚಿಸಲು ಆಗುತ್ತಿಲ್ಲ.

ಆಗಸ್ಟ್ 24, ಭಾನುವಾರ

ಇವರು ಬಂದಿದ್ದರು. ಕೈಯಲ್ಲಿ ಮುಚ್ಚಳದ ಬಕೆಟ್, ಮುಚ್ಚಳಕ್ಕೆ ತೂತು, ಸೆಲ್ಲಿನ ಏರ್ ಪಂಪ್ ಗುರ್ ಅನ್ನುತ್ತಿತ್ತು. ಒಳಗೆ ಎರಡೂ ಕ್ಲೌನ್. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು, ಪ್ಯಾಂಟೆಲ್ಲ ಉಪ್ಪುನೀರು. ಅನು ಬಕೆಟ್ ಬಿಟ್ಟು ಏಳಲೇ ಇಲ್ಲ.

ಸೊರಗಿದ್ದಾರೆ. ಮಾವ ಹಟ ಹಿಡಿದು, ಮಾಲು ಪೂರಾ ಊರ ಹೊರಗಿನ ಶೆಡ್ಡಿಗೆ ಸಾಗಿಸಿದರಂತೆ. ಅಪ್ಪ ಮಗ ಒಂದು ವಾರ ಮಾತಾಡಿರಲಿಲ್ಲವಂತೆ. ಗೋದಾಮು, ಅಂಗಳ, ಮೇಲಿನ ಕೋಣೆ, ಎಲ್ಲ ಪೈಪ್ ಹಿಡಿದು ತೊಳೆಸಿದ್ದಾರೆ.

ಜೇಬಿನಿಂದ ಸಣ್ಣ ಬಾಟಲಿ ತೆಗೆದರು. ಅನುವಿನ ಹಾಸಿಗೆಯ ಹತ್ತಿರ ಬಟ್ಟಲಲ್ಲಿ ನೀರು ಇಟ್ಟಿದ್ದರಂತೆ, ಎರಡು ದಿನ. ನನ್ನ ಹಾಗೆಯೇ.

"ನೋಡು. ನೀನ ನೋಡಿ ಹೇಳು."

ಕಟ್ಟೆಯ ಮೇಲೆ ಕೂತು ಟೆಸ್ಟ್ ಮಾಡಿದೆ. ಇವರು ಎದುರಿಗೆ ಕುಕ್ಕರಗಾಲಲ್ಲಿ ಕೂತರು. ತಿಳಿಯಾಗಿರಲಿ ಎಂದು ಬೇಡಿಕೊಂಡೆ. ನನಗೆ ನನ್ನ ಮನೆ ಬೇಕಿತ್ತು.

ನಿಧಾನಕ್ಕೆ ನೀಲಿ ಬಂತು. ತೆಳು. ಬಹಳ ತೆಳು. ತೊಲೆಗಳಲ್ಲಿ, ಗೋಡೆಯ ಬಿರುಕಿನಲ್ಲಿ ಎಷ್ಟು ವರ್ಷದ್ದು ಕೂತಿದೆಯೋ.

ಅವರಿಗೂ ಕಂಡಿತು. ನಳಿಕೆ ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದರು. ಮುಖ ಒಂದು ಕಡೆ ಮಾಡಿ ಒರೆಸಿಕೊಂಡರು.

"ಅಕಿನ್ನ ಅಲ್ಲಿಗೆ ಕರ್ಕೊಂಡು ಹೋಗಾದು ಬ್ಯಾಡ ಕುಮಾರಿ. ನಾನ ಇಲ್ಲಿಂದ ಹೋಗಿ ಬರ್ತೀನಿ."

ಇಷ್ಟೇ ಹೇಳಿದ್ದು. ನಾನು ಬಟ್ಟಲು ತೊಳೆಯಲು ಒಳಗೆ ಹೋದೆ. ತೊಳೆದದ್ದನ್ನೇ ತೊಳೆದೆ.

ಆಗಸ್ಟ್ 29, ಶುಕ್ರವಾರ. ಸಂಜೆ

ಬೆಳಿಗ್ಗೆ ಬಸ್ಸಿಗೆ ಹೋಗುತ್ತಾರೆ, ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಅಂಗಡಿ ಬಟ್ಟೆ ಅಂಗಡಿಯಲ್ಲೇ. ಬಂದರೂ ಒಳಗೆ ಕಾಲಿಡುವುದಿಲ್ಲ, ನೇರ ಹಿತ್ತಲ ಬಚ್ಚಲಿಗೆ. ತಲೆಯಿಂದ ಸ್ನಾನ. ಅಲ್ಲಿಯತನಕ ಮಗಳನ್ನು ಮುಟ್ಟುವುದಿಲ್ಲ. ಅವ್ವ ನೀರು ಕಾಯಿಸಿ ಇಟ್ಟಿರುತ್ತಾಳೆ. ಅಳಿಯ ಅಂತ ನಾಚಿಕೆ ಇಲ್ಲ, ಯಾರಿಗೂ ಇಲ್ಲ.

ಕ್ಲೌನ್‌ಗಳು ಅವ್ವನ ಹಳೇ ಕಡಾಯಿಯಂಥ ಟಬ್ಬಿನಲ್ಲಿ. ಹವಳ ಇಲ್ಲ, ಕಲ್ಲು ಇಲ್ಲ. ಬದುಕುತ್ತವೋ ಗೊತ್ತಿಲ್ಲ. ಸೋಮವಾರದಿಂದ ನಾನೂ ಬಸ್ಸಿನಲ್ಲಿ ಕಾಲೇಜಿಗೆ.

ಡಾ. ಶಾಕೀರ್ ಹತ್ತಿರ ತೋರಿಸಿಕೊಂಡು ಬಂದೆವು. ವಾಸಿಯಾಯಿತು ಅನ್ನಲಿಲ್ಲ. ಚಳಿಗಾಲ ಕಳೆಯಲಿ, ನೋಡೋಣ ಅಂದರು.

ಹಿತ್ತಲಲ್ಲಿ ಚೆಂಬಿನ ಸಪ್ಪಳ ನಿಂತಿತು. ಸ್ನಾನ ಮುಗಿದಿರಬೇಕು. ಅನು ಟವೆಲ್ ಹಿಡಿದು ಓಡಿದಳು. ಅಂಗಳ ದಾಟಿ, ಬೇವಿನ ಗಿಡ ಸುತ್ತಿ. ಓಡಿದಳು ಅಂತಲೇ ಬರೆಯುತ್ತಿದ್ದೇನೆ, ನಡೆದಳು ಅಂತ ಅಲ್ಲ. ಪೆನ್ನು ಹಿಡಿದು ಕೆಮ್ಮು ಬರುತ್ತದೆ ಅಂತ ಕಾಯುತ್ತಾ ಕೂತಿದ್ದೇನೆ. ಇನ್ನೂ ಬಂದಿಲ್ಲ. ಅಪ್ಪ ಏನೋ ಅಂದರು, ನಗುತ್ತಿದ್ದಾಳೆ. ಇನ್ನೂ ಬಂದಿಲ್ಲ. ಮಮ್ಮಿ ಅಂತ ಕರೆಯುತ್ತಿದ್ದಾಳೆ, ಹೋಗುತ್ತೇನೆ.