ಕಡ ಕೊಟ್ಟ ಎಡಗಾಲು

ಏಪ್ರಿಲ್ ೪, ಸಂಜೆ

ಇವತ್ತೂ ದಿಂಬಿನ ಮೇಲೇ ರೋಲ್, ಎರಡು ಕಡ್ಡಿಯ ಎಡೆಬಿಡದ ಪೆಟ್ಟು. ಡ್ರಮ್ಮಿನ ಹಾಗೆ ದಿಂಬು ಕಡ್ಡಿಯನ್ನು ಹಿಂದಕ್ಕೆ ಎಸೆಯುವುದಿಲ್ಲ. ಪ್ರತಿ ಪೆಟ್ಟನ್ನೂ ಮಣಿಕಟ್ಟೇ ಎತ್ತಬೇಕು. ಮಿಡತೆ ಹಲ್ಲು ಕಚ್ಚಿ ಹೊಡೆದಳು. ಹೊಲಿಗೆ ಬಿಟ್ಟು ಹತ್ತಿ ಹಾರಿತು.

"ಅಜ್ಜಿ, ದಿಂಬು ಸತ್ತೋಯ್ತು."

"ಸಾಯ್ಲಿ. ಇನ್ನೊಂದಿದೆ. ಹೊಡಿ."

ನೀನು ಇವಳನ್ನು ನೋಡಿಲ್ಲ ತಮ್ಮಾ. ನೀನು ಹೋದ ಮೇಲೆ ಹುಟ್ಟಿದವಳು, ನನ್ನ ಮಗಳ ಮಗಳು. ಕೂತಲ್ಲಿ ಕಾಲು ನಿಲ್ಲದು, ಅದಕ್ಕೇ ಮಿಡತೆ. ನೀನು ಬಾರಿಸುತ್ತಿದ್ದ ಹೋಟೆಲ್ ಬ್ಯಾಂಡಿನಲ್ಲಿ ಡ್ರಮ್ ಸ್ಟೂಲು ಖಾಲಿಯಾಗಿದೆ. ಮುಂದಿನ ತಿಂಗಳು ಆಡಿಷನ್. ಈಗಿನ ಬ್ಯಾಂಡ್ ಮಾಸ್ತರ ಯಾರು ಗೊತ್ತೆ? ನಿನ್ನ ಪಕ್ಕದಲ್ಲಿ ಬಾಸ್ ಗಿಟಾರ್ ಹಿಡಿದು ನಿಲ್ಲುತ್ತಿದ್ದನಲ್ಲ, ಆ ಉದ್ದನೆಯ ಹುಡುಗ. ಬಂದವರಿಗೆಲ್ಲ ಒಂದೇ ಹಾಡು ಇಟ್ಟಿದ್ದಾನಂತೆ. ನಿನ್ನ ಕುಂಟು ಹಾಡು.

ಸತ್ತವರಿಗೆ ಬರೆಯುವುದೇನು ಎಂದು ನಗಬೇಡ. ನಿನಗೆ ಅಂತ ಬರೆದರೆ ಕೈ ಓಡುತ್ತದೆ. ಎಡಗೈ. "ಎಡಚಕ್ಕ" ಅಂತ ರೇಗಿಸುತ್ತಿದ್ದೆಯಲ್ಲ, ಅದೇ ಕೈ.

ಏಪ್ರಿಲ್ ೯

ಜನ ವೇಗಕ್ಕೆ ಬಾಯಿ ಬಿಡುತ್ತಾರೆ. ಓಡುವವನು ಒಂದು ಸಲ ಎಡವಿದರೂ ಯಾರಿಗೂ ಕಾಣದು. ಮೆಲ್ಲಗೆ ನಡೆಯುವವನು ಎಡವಿದರೆ ಇಡೀ ಹಾಲ್ ತಿರುಗಿ ನೋಡುತ್ತದೆ. ನಿನ್ನ ಹಾಡು ಮೆಲ್ಲಗೆ ನಡೆಯುವುದು. ಬಲಗೈ ಸಿಂಬಲ್ ತಟ್ಟೆಯ ಮೇಲೆ ನಾಲ್ಕರ ಎಣಿಕೆಯಲ್ಲಿ. ಬಲಗಾಲು ದೊಡ್ಡ ಡ್ರಮ್ಮಿಗೆ, ಎಲ್ಲೋ ಒಂದೊಂದು. ಎಡಗೈ ಮುಂದಿನ ಸಣ್ಣ ಡ್ರಮ್ಮು ಸ್ನೇರ್ ಮೇಲೆ 'ಇಲ್ಲದ ಪೆಟ್ಟು' — ಯಾರಿಗೂ ಕೇಳಿಸಬಾರದು, ಆದರೆ ನಿಲ್ಲಿಸಿದರೆ ಹಾಡು ಬಡವಾಗಬೇಕು. ಎಡಗಾಲು ಜೋಡಿತಟ್ಟೆಯ ಹೈ-ಹ್ಯಾಟ್ ಪೆಡಲ್ ಮೇಲೆ ಏಳರಲ್ಲಿ. ಮೂರು, ನಾಲ್ಕು. ಗಿಡ್ಡ, ಉದ್ದ. ಥೇಟ್ ನಿನ್ನ ಕುಂಟು ನಡಿಗೆ.

ಕೊನೆಗೆ ಆ ಹೊಡೆಯದ ಪೆಟ್ಟು. ಎರಡು ಕೈ, ಎರಡು ಕಾಲು ಒಟ್ಟಿಗೆ ಅಲ್ಲಿಗೇ ಓಡಿ ಬರುತ್ತವೆ. ಅಲ್ಲಿ ಹೊಡೆಯಬಾರದು. ಎತ್ತಿದ ಕೈ ಎತ್ತಿದಲ್ಲೇ ನಿಲ್ಲಬೇಕು.

ಮಿಡತೆಗೆ ನಮ್ಮ ಉಪಾಯ ಹೇಳಿಕೊಟ್ಟೆ. ನಮಗೆ ಕಲಿಸಿದವರು ಯಾರಿದ್ದರು? ಬಿಸ್ಕತ್ತಿನ ಡಬ್ಬ, ಬಕೆಟ್ಟು, ಮತ್ತೆ ಆ ಉಪಾಯ. ಮಾತು ಕೇಳದ ಕೈಯನ್ನೋ ಕಾಲನ್ನೋ ಯಾರಿಗಾದರೂ ಕಡ ಕೊಟ್ಟುಬಿಡುವುದು. ಇದು ನನ್ನದಲ್ಲ, ಇಂಥವರದು ಅಂದುಕೊಂಡು ಆ ಕಡೆ ನೋಡದಿರುವುದು. ನೋಡಿದರೆ ನಾಚುತ್ತದೆ. ಬಾರಿಸಿ ಮುಗಿದ ಮೇಲೆ ತೊಡೆ ತಟ್ಟಿ "ಸಾಕು, ಕೊಡು" ಅಂದು ವಾಪಸು ಪಡೆಯುವುದು. ನನ್ನ ಬಲಗಾಲು ಯಾವತ್ತೂ ಕೆಳಮನೆ ದರ್ಜಿಗೆ. ಅವನ ಹೊಲಿಗೆ ಮಷೀನಿನ ಪೆಡಲು ಇಲ್ಲಿಯ ನೆಲಕ್ಕೆ ಕೇಳಿಸುತ್ತದೆ. ಅವನಿಗೂ ಗೊತ್ತು.

"ನಿಮ್ಮ ಕಾಲನ್ನೂ ನಾನೇ ತುಳೀತಿದೀನಿ, ಡಬಲ್ ಕೂಲಿ ಕೊಡಿ ಅಕ್ಕಾ!" ಅನ್ನುತ್ತಾನೆ.

ಒಂದು ನಿಯಮ ನೀನೇ ಮಾಡಿದ್ದೆ, ಚಡ್ಡಿ ಹಾಕುವ ವಯಸ್ಸಿನಲ್ಲಿ. ಬದುಕಿರುವವರಿಗೇ ಕೊಡಬೇಕು. ನಾಳೆ ಬಾಗಿಲ ಮುಂದೆ ಹಾದುಹೋಗುವವರಿಗೆ. ಇಲ್ಲದಿದ್ದರೆ ಯಾರ ಹತ್ತಿರ ಕೇಳುತ್ತೀ, ಅಂದಿದ್ದೆ. ನಾನು ಬಿದ್ದು ಬಿದ್ದು ನಕ್ಕಿದ್ದೆ.

ಏಪ್ರಿಲ್ ೧೭

ಬಂತು! ಬಂದೇಬಿಟ್ಟಿತು!

ಬೆಳಗಿನಿಂದ ಎಡಗಾಲು ನಾಲ್ಕಕ್ಕೇ ಜಾರುತ್ತಿತ್ತು. ಮಿಡತೆ ಕಡ್ಡಿ ಎಸೆದಳು. "ದರ್ಜಿ ಮಾಮ ನೆಟ್ಟಗೆ ತುಳೀತಾನೆ. ಕುಂಟೋ ಕಾಲು ಯಾರಿಗೆ ಕೊಡ್ಲಿ ಅಜ್ಜಿ?"

ನನಗೂ ಸಾಕಾಗಿತ್ತು. ಒಲೆ ಮೇಲೆ ಹಾಲು ಬೇರೆ ಉಕ್ಕುತ್ತಿತ್ತು. "ನಿನ್ನ ಚಿಕ್ಕಜ್ಜನಿಗೇ ಕೊಡು ಹೋಗು, ಅವನದೇ ಹಾಡು" ಅಂದು ಅಡುಗೆಮನೆಗೆ ಓಡಿದೆ.

ಒಲೆ ಆರಿಸುವಾಗ ಕೇಳಿಸಿತು. ಗಿಡ್ಡ, ಉದ್ದ. ಗಿಡ್ಡ, ಉದ್ದ. ಸೌಟು ಹಿಡಿದುಕೊಂಡೇ ಬಂದೆ. ಕಣ್ಣು ಮುಚ್ಚಿ ಬಾರಿಸುತ್ತಿದ್ದಳು. ಹುಚ್ಚಿಯ ಹಾಗೆ ಕುಣಿದೆ, ಅವಳನ್ನು ತಬ್ಬಿಕೊಂಡೆ. ಅವಳು ಬ್ಯಾಗು ಹಾಕಿಕೊಂಡು ಓಡಿದಳು.

"ಸಾಕು, ಕೊಡು" ಅಂತ ಅವಳಿಂದ ಹೇಳಿಸುವುದು ಮರೆತೇಹೋಯಿತು. ಈಗ ಬರೆಯುವಾಗ ನೆನಪಾಯಿತು. ಇರಲಿ. ಆಟ ತಾನೇ.

ಏಪ್ರಿಲ್ ೨೨, ಮಧ್ಯಾಹ್ನ

ಊಟ ಮಾಡಿ ಸೋಫಾದಲ್ಲಿ ನಿದ್ದೆ ಹೋಗಿದ್ದಾಳೆ. ಬಾಯಿ ತೆರೆದಿದೆ. ಮೈಯೆಲ್ಲ ಅಲ್ಲಾಡದೆ ಬಿದ್ದಿದೆ. ಎಡಗಾಲೊಂದು ಬಿಟ್ಟು.

ಗಿಡ್ಡ, ಉದ್ದ.

ಹೋಗಿ ಹಿಡಿದುಕೊಂಡೆ. ಈ ಸೆಕೆಯಲ್ಲೂ ತಣ್ಣಗಿತ್ತು, ನಲ್ಲಿ ಹಿಡಿದಂತೆ. ನಿಂತಿತು. ಕೈ ತೆಗೆದೆ, ಶುರುವಾಯಿತು. ಆದರೆ ತಮ್ಮಾ, ನಿಲ್ಲಿಸಿದ ಜಾಗದಿಂದಲ್ಲ. ನಾನು ಹಿಡಿದಿದ್ದಾಗಲೂ ಒಳಗೆ ಎಣಿಸುತ್ತಿತ್ತು. ನಾನೂ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಎಲ್ಲಿರಬೇಕಿತ್ತೋ ಅಲ್ಲಿಂದಲೇ ಎತ್ತಿಕೊಂಡಿತು.

ಎಬ್ಬಿಸಿದೆ. "ಕನಸು ಬಿತ್ತಾ?" ಅಂದೆ.

"ಇಲ್ವಲ್ಲ. ಒಳ್ಳೇ ನಿದ್ದೆ."

ಏಪ್ರಿಲ್ ೨೯

ದರ್ಜಿ ಮೇಲೆ ಬಂದ. ಯಾವತ್ತೂ ಮೆಟ್ಟಿಲು ಹತ್ತದವನು. ಕೈಯಲ್ಲಿ ಮಿಡತೆಯ ಆಡಿಷನ್ ಪ್ಯಾಂಟು, ಮುಖದಲ್ಲಿ ಗೊಂದಲ.

"ಅಕ್ಕಾ, ನನಗೆ ವಯಸ್ಸಾಯ್ತೋ ಟೇಪಿಗೆ ವಯಸ್ಸಾಯ್ತೋ ಗೊತ್ತಿಲ್ಲ. ಮಗೂದು ಎಡಗಾಲು ಗಿಡ್ಡ ಬರ್ತಿದೆ."

"ಓರೆಯಾಗಿ ನಿಂತಿರ್ತಾಳೆ."

"ಗೋಡೆಗೆ ಒರಗಿಸಿ ಅಳೆದೆ. ಹೋದ ವರ್ಷ ನಾನೇ ಹೊಲಿದುಕೊಟ್ಟಿದ್ದು, ಎರಡೂ ಸಮ ಇತ್ತು." ಪ್ಯಾಂಟು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಎಡಗಡೆ ಅಂಚು ಮೇಲಕ್ಕೆ ಮಡಚಿ ಹೊಲಿದಿದೀನಿ. ನಿಮ್ಮ ತಮ್ಮನಿಗೂ ಹಾಗೇ ಹೊಲೀತಿದ್ದೆ, ನೆನಪಿದೆಯಾ? ಅಷ್ಟೇ ಅಳತೆ."

ಪ್ಯಾಂಟು ಇಸಿದುಕೊಂಡು ಗೂಟಕ್ಕೆ ಹಾಕಿದೆ. ಅವನು ನಿಲ್ಲಲಿಲ್ಲ, ಇಳಿದುಹೋದ.

ಮೇ ೫

ಬರೆದುಬಿಡುತ್ತೇನೆ.

ಇವತ್ತು ಅವಳ ಎಡಗೈ ಇಲ್ಲದ ಪೆಟ್ಟು ಹಾಕಿತು. ವರ್ಷಗಟ್ಟಲೆ ಬೆವರಿದರೂ ನನಗೆ ಒಲಿಯದ್ದು. ಸ್ನೇರ್ ಮೇಲೆ ಇರುವೆ ಹರಿದ ಹಾಗೆ. ಖುಷಿಪಡಬೇಕಿತ್ತು. ಆದರೆ ಪ್ರತಿ ಸುತ್ತು ತಿರುಗುವಾಗಲೂ ಒಂದು ಸಣ್ಣ ತೊದಲು. ಒಂದರ ಬದಲು ಎರಡು. ಕಾಂಪೌಂಡಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ ನಿನಗೆ ಬಂದ ತೊದಲು. ವೇದಿಕೆಯಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಗೋಡೆಯ ಈಚೆ ಕಿವಿ ಇಟ್ಟು ಕಲಿತವಳು ನಾನೊಬ್ಬಳೇ ಬಲ್ಲೆ.

"ಇದನ್ನ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ಕೈ ನಾನು ಕೊಡ್ಲೇ ಇಲ್ಲ ಅಜ್ಜಿ. ತಾನಾಗೇ ಹೋಯ್ತು."

"ವಾಪಸು ಕೇಳು. ಈಗಲೇ."

ತೊಡೆ ತಟ್ಟಿ "ಸಾಕು, ಕೊಡು" ಅಂದಳು. ತಟ್ಟಿದ್ದು ಗೊತ್ತೇ ಆಗಲಿಲ್ಲವಂತೆ. ಬೇರೆಯವರ ತೊಡೆ ತಟ್ಟಿದ ಹಾಗಂತೆ.

ಮತ್ತೆ ಬಾರಿಸು ಅಂದೆ. ನಾಲ್ಕನೇ ಸುತ್ತಿನ ನಡುವೆ ಎಲ್ಲ ಒಟ್ಟಿಗೆ ನಿಂತಿತು. ಕಡ್ಡಿ ಗಾಳಿಯಲ್ಲಿ. "ಮುಂದಿಂದು ನನಗೆ ಗೊತ್ತಜ್ಜಿ. ಕಾಲು ಹೋಗಲ್ಲ ಅಂತಿದೆ."

ಅದು ನೀನು ಬಿದ್ದ ಜಾಗ. ಹೋಟೆಲ್ ವೇದಿಕೆಯ ಮೇಲೆ, ನಾಲ್ಕನೇ ಸುತ್ತಿನ ನಡುವೆ, ಎದೆ ಹಿಡಿದುಕೊಂಡು. ಹಾಡು ಅಲ್ಲೇ ಉಳಿಯಿತು.

ಅಂದರೆ ಅದನ್ನು ಮುಗಿಸಬೇಕೆಂದು ಬಂದಿದ್ದೀಯ. ಅದಕ್ಕೆ ನಿನಗೆ ಎರಡು ಕೈ, ಎರಡು ಕಾಲು ಬೇಕು. ನಾಲ್ಕೂ ನಿನ್ನದಾದರೆ ಮಗುವಿಗೆ ಏನು ಉಳಿಯುತ್ತದೋ?

ಮೇ ೬

ಆಡಿಷನ್ ಬೇಡ ಅಂದೆ.

"ನಿನ್ನ ಕಾಲದಲ್ಲಿ ಹುಡುಗೀರನ್ನ ಆ ಸ್ಟೂಲಿನ ಹತ್ರಾನೂ ಬಿಡ್ಲಿಲ್ಲ. ನಿನಗೆ ಸಿಗದ್ದು ನನಗೂ ಸಿಗಬಾರದಾ ಅಜ್ಜಿ?"

ಹೊಟ್ಟೆಕಿಚ್ಚು ಅಂದುಕೊಂಡಳು. ಅಂದುಕೊಳ್ಳಲಿ. ಬಾಗಿಲು ಬಡಿದು ಹೋದಳು. ಮೆಟ್ಟಿಲ ಮೇಲೆ ಹೆಜ್ಜೆ ಇಳಿಯಿತು. ಗಿಡ್ಡ, ಉದ್ದ. ಗಿಡ್ಡ, ಉದ್ದ. ಬೀದಿ ತಿರುಗುವವರೆಗೂ ಕೇಳಿದೆ. ಕಣ್ಣು ಮುಚ್ಚಿದರೆ ನೀನೇ ಹೋಟೆಲಿಗೆ ಹೊರಟ ಹಾಗೆ.

ಮೇ ೧೨, ಸಂಜೆ

ಐದು ದಿನ ಬಂದಿರಲಿಲ್ಲ. ಇವತ್ತು ಬಂದಳು. ತಲೆ ಬಾಚಿರಲಿಲ್ಲ. ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಳು.

"ಅಜ್ಜಿ, ಬಲಗೈ ಕೂಡ ಹೋಗ್ತಿದೆ. ಬಾಚ್ಕೊಳಕ್ಕೆ ಎತ್ತಿದ್ರೆ ಮೇಜಿನ ಮೇಲೆ ನಾಲ್ಕು ಹೊಡೆಯುತ್ತೆ. ನಾಳೆ ಆಡಿಷನ್ನು. ನಾನು ಏನ್ ಮಾಡ್ಲಿ?"

ತಲೆ ಬಾಚಿದೆ. ಜಡೆ ಹಾಕಿದೆ. ಕುರ್ಚಿಯಲ್ಲಿ ಕೂರಿಸಿ, ನಾನು ಡ್ರಮ್ಮಿನ ಹಿಂದೆ ಕೂತೆ. ಎಷ್ಟೋ ವರ್ಷವಾಗಿತ್ತು. ಎಡಮಂಡಿ ಊದಿಕೊಂಡಿದೆ, ಮಡಚುವಾಗ ಲಟಲಟ ಎಂದಿತು.

ಗೋಡೆಗೆ ಹೇಳಿದಂತೆ ಹೇಳಿದೆ. "ಲೋ ತಮ್ಮಾ. ಮಗೂದು ಮಗೂಗೆ ಕೊಡು. ಅವಳು ನಿನ್ನ ಮುಖಾನೂ ನೋಡಿಲ್ಲ ಕಣೋ. ಬೇಕಿದ್ರೆ ನನ್ನ ಎಡಗಾಲು ತಗೋ. ಇಬ್ರೂ ಸೇರಿ ಮುಗಿಸೋಣ. ಹಳೇ ಕಾಲು, ಬೈಬೇಡ."

ಶುರು ಮಾಡಿದೆ. ಮೊದಲ ಸುತ್ತಿಗೇ ಮಂಡಿ ನೋವು ಹೋಯಿತು. ಮಂಡಿಯೇ ಹೋಯಿತು ಅನ್ನಬೇಕು. ಮೊಣಕಾಲಿನಿಂದ ಕೆಳಗೆ ತಣ್ಣಗೆ, ಬಾವಿಗೆ ಇಳಿಬಿಟ್ಟಂತೆ. ನಾಲ್ಕನೇ ಸುತ್ತಿನ ನಡುವೆ ನನ್ನ ಕೈ ನಿಂತಿತು. ಕೆಳಗೆ ದರ್ಜಿಯ ಮಷೀನೂ ನಿಂತಿತು.

ಕಾಲು ನಿಲ್ಲಲಿಲ್ಲ. ಗಿಡ್ಡ, ಉದ್ದ. ಆ ಜಾಗ ದಾಟಿ ಮುಂದೆ ಹೋಯಿತು.

ಮಿಡತೆ "ಅಯ್ಯೋ" ಅಂತ ಕೂಗಿಕೊಂಡಳು. ತೊಡೆ ತಟ್ಟಿಕೊಂಡಳು. "ಸಾಕು, ಕೊಡು! ಸಾಕು, ಕೊಡು!" ಕೈಕಾಲಿಗೆಲ್ಲ ಜೋಮು ಹಿಡಿದು ಬಿಟ್ಟಂತೆ ಚುಚ್ಚುತ್ತಿದೆಯಂತೆ. ಅತ್ತಳು, ನಕ್ಕಳು. ಅವಳ ಪಾದ ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ನಾನು ಹಾಡು ಮುಗಿಸಲಿಲ್ಲ. ಆಮೇಲೆ ಮುಗಿಸೋಣ ಎಂದೆ ನಿನಗೆ. ಮಗು ಮನೆಗೆ ಹೋಗಬೇಕಿತ್ತು.

ಮೇ ೧೩

ಆಡಿಷನ್ನಿಂದ ನೇರ ಇಲ್ಲಿಗೇ ಬಂದಳು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದೆ — ಸಮ, ಸಮ, ಸಮ. ಬಾಗಿಲು ತೆರೆಯುವ ಮೊದಲೇ ಕಣ್ಣು ತುಂಬಿತು.

"ಮೂರು ಕಡೆ ತಪ್ಪಿದೆ ಅಜ್ಜಿ. ಕೊನೇಲಿ ಆ ಪೆಟ್ಟನ್ನೂ ಹೊಡೆದುಬಿಟ್ಟೆ, ಧಡ್ ಅಂತ!"

"ಮಾಸ್ತರ ಏನಂದ?"

"ಬಂದೋರೆಲ್ಲ ನಿಮ್ಮ ಚಿಕ್ಕಜ್ಜನ ಹಾಗೆ ಬಾರಿಸೋಕೆ ನೋಡ್ತಾರೆ, ತಪ್ಪಾದ್ರೂ ನಿಂದೇ ಬಾರಿಸಿದೆ ನೀನು, ಸೋಮವಾರದಿಂದ ಬಾ ಅಂದ್ರು."

ದರ್ಜಿ ಪ್ಯಾಂಟಿನ ಅಂಚು ಬಿಚ್ಚಿ ಇಳಿಸಿಕೊಟ್ಟ. "ಮಗು ಬೆಳೆದುಬಿಡ್ತಲ್ಲ ಅಕ್ಕಾ!" ಅಂದ. ನಕ್ಕ. ನನ್ನ ಕಾಲಿನ ಕಡೆ ನೋಡಿದ. ನಗು ನಿಲ್ಲಿಸಿದ.

ಮೇ ೧೬, ಮಧ್ಯಾಹ್ನ

ನೈಟಿ ಎಡಗಡೆ ನೆಲ ಗುಡಿಸುತ್ತಿದೆ. ದರ್ಜಿಗೆ ಹೇಳಿ ಎತ್ತಿಸಬೇಕು. ಅಳತೆ ಕೇಳಲಾರ.

ಇದು ಬಿಟ್ಟರೆ ಆರಾಮಾಗಿದ್ದೇನೆ. ಮಂಡಿ ನೋಯುವುದಿಲ್ಲ. ಮನೆ ಖಾಲಿ ಅನಿಸುವುದಿಲ್ಲ. ತರಕಾರಿ ಹೆಚ್ಚುವಾಗ ಮೇಜಿನ ಕೆಳಗೆ ಗಿಡ್ಡ, ಉದ್ದ. ಜೊತೆಗೆ ಒಬ್ಬರಿದ್ದ ಹಾಗೆ. ಬೆಳಿಗ್ಗೆಯಿಂದ ಸ್ವಲ್ಪ ಜೋರಾಗಿದೆ. ಅವಸರ ಮಾಡಬೇಡ. ಹೇಳಿದ್ದೇನಲ್ಲ, ಮುಗಿಸೋಣ. ಸೋಮವಾರ ಮಿಡತೆ ಆ ಸ್ಟೂಲಿನಲ್ಲಿ ಕೂತದ್ದನ್ನು ಒಂದು ಸಲ ನೋಡಿ ಬರುತ್ತೇನೆ, ಆಮೇಲೆ.

ಮೇಲಿನ ಸಾಲು ಈಗ ಓದಿದೆ. ಅಕ್ಷರ ಒಂದು ಗಿಡ್ಡ, ಒಂದು ಉದ್ದ. ಅಲ್ಲಲ್ಲಿ ಒಂದೇ ಅಕ್ಷರ ಎರಡೆರಡು ಸಲ ಬಿದ್ದಿದೆ. ಹೊಡೆದು ಹಾಕಿ ಮತ್ತೆ ಬರೆದೆ. ಮತ್ತೆ ಎರಡು.

ಪೆನ್ನು ತಣ್ಣಗಿದೆ.

ತಮ್ಮಾ, ಕಾಲು ಕೊಟ್ಟದ್ದು ಕೊಟ್ಟೆ, ಕೇಳುವುದಿಲ್ಲ. ಇಲ್ಲದ ಪೆಟ್ಟು ನನಗೆ ಬರದು, ನಿನಗೆ ಬೇಕು, ಗೊತ್ತು. ಆದರೆ ಈ ಎಡಗೈ ಒಂದು ಬೇಡ ಕಣೋ. ಬರೆಯುವ ಕೈ ಇದು. ಇದನ್ನೂ ಕೊಟ್ಟರೆ ನಾನು ನಿನ್ನ ಜೊತೆ ಮಾತಾಡುವುದಾದರೂ ಹೇ