ಬದುವಿನ ಸೊಪ್ಪು

ಜುಲೈ 17, ಬೆಳಿಗ್ಗೆ 6
ರೇಷ್ಮೆ ಹುಳುಗಳು ಪೊರೆ ಕಳಚಿ ನಾಲ್ಕನೇ ಜ್ವರದಿಂದ ಎದ್ದವು. ಸೊಪ್ಪು ಕೊಟ್ಟೆ. ಅತ್ತೆ ತಾವೇ ಬುಕ್ ಮಾಡಿದ್ದ ನೂರು ಚಿಟ್ಟೆಯ ಮೊಟ್ಟೆ. ಹುಳು ಮನೆಗೆ ಬರುವ ಮೊದಲೇ ತೀರಿಹೋದರು.

ಭಾವ ನಂಜುಂಡೇಶ್ ಬಾಗಿಲಲ್ಲಿ ನಿಂತರು. "ಅವ್ವನೇ ಓದ್ಮೇಲೆ ಯಾತಕ್ಕವ್ವಾ ಈ ಉಳ? ಈ ಬೆಳೆ ಕೆಟ್ರೆ ಇಪ್ಪುನೇರಳೆ ಕಿತ್ತಾಕಿ ಕೋಸು ಆಕೋದೆಯ."

ಕೆಟ್ರೆ ಎನ್ನುವಾಗ ಎಂಥ ಆಸೆ ಮುಖದಲ್ಲಿ. ಯಜಮಾನರು ಅಣ್ಣನ ಮುಂದೆ ಕೋಲೆಬಸವನ ಹಾಗೆ ತಲೆಯಾಡಿಸಿದರು.

ಜುಲೈ 20
ಬದುವಿನ ಸಾಲಿನ ಸೊಪ್ಪು ಕುಯ್ದೆ. ಆಚೆಗೆ ಭಾವನ ಎಲೆಕೋಸು. ಅತ್ತೆ ಕಲಿಸಿದಂತೆ ಮೂಸಿದೆ — ಔಷಧಿ ವಾಸನೆ ಇಲ್ಲ. ಹುಳು ಸಾಕುವ ಅಟ್ಟಣೆಯ ಕೆಳಗಿನ ಮೂರು ಅಂತಸ್ತಿಗೆ ಹಾಕಿದೆ. ಮೇಲಿನ ಒಂದಕ್ಕೆ ಸಾಲಲಿಲ್ಲ. ಬಾವಿ ಕಡೆಯದು ಹಾಕಿದೆ.

ಜುಲೈ 21
ಕೆಳಗಿನವು ತಿನ್ನುತ್ತಿಲ್ಲ. ಹಸಿರು ಕಕ್ಕುತ್ತಿವೆ. ಎತ್ತಿದರೆ ಒದ್ದೆ ಬತ್ತಿಯಂತೆ ಜೋಲುತ್ತವೆ.

ಮಧ್ಯಾಹ್ನ
ರೇಷ್ಮೆ ಇಲಾಖೆಯ ಮೇಡಂ ಬಂದರು. ಕೋಸಿಗೆ ಏನು ಹೊಡೆದಿರಿ ಎಂದು ಭಾವನನ್ನು ಕೇಳಿದರು.

"ಸಾವಯವ ಕಣ್ರೀ ಮೇಡಂ. ಕೋಸಿನ ಉಳಕ್ಕೆ ಬಿ.ಟಿ. ಪುಡಿ. ಇಸವೇ ಅಲ್ಲ, ಬರೀ ಬ್ಯಾಕ್ಟೀರಿಯಾ."

ಮುಚ್ಚಳದಲ್ಲಿ ಕಲಸಿ ಕುಡಿದೇ ತೋರಿಸಿದರು. ಮೀಸೆ ಒರೆಸಿಕೊಂಡರು. ಏನೂ ಆಗಲಿಲ್ಲ. ಇವರಿಗೆ ಆಗುವುದೂ ಇಲ್ಲ.

ಮೇಡಂ ಹೇಳಿದ್ದು: ಹೊಡೆದದ್ದು ಗಾಳಿಗೆ ಹಾರಿ ಬದುವಿನ ಸೊಪ್ಪಿನ ಮೇಲೂ ಕೂತಿದೆ. ಆ ಬ್ಯಾಕ್ಟೀರಿಯಾ ಆಹಾರ ಇರುವಷ್ಟು ದಿನ ತಿಂದು ಬೆಳೆಯುತ್ತದೆ, ವಿಷ ಮಾಡುವುದಿಲ್ಲ. ಆಹಾರ ಮುಗಿದಾಗ ಬೀಜದಂತೆ ಮುದುಡುತ್ತದೆ. ಪಕ್ಕದಲ್ಲೇ ವಿಷದ ಹರಳು ಕಟ್ಟುತ್ತದೆ. ನಮ್ಮ ಹೊಟ್ಟೆ ಹುಳಿ, ಹರಳು ಏನೂ ಮಾಡದು. ಹುಳದ ಹೊಟ್ಟೆ ಸುಣ್ಣದ ನೀರಿನ ಹಾಗೆ — ಅಲ್ಲಿ ಕರಗಿ ಕರುಳು ತೂತು ಮಾಡುತ್ತದೆ.

ಉಣ್ಣುವಷ್ಟು ದಿನ ಸಾಧು. ತಟ್ಟೆ ಖಾಲಿಯಾದ ಮೇಲೆ ವಿಷ. ಅತ್ತೆ ಬಡಿಸುತ್ತಿದ್ದಾಗ ಭಾವನೂ ಎಷ್ಟು ಸಾಧು.

ಮೂಸಿ ನಂಬಿದ ನಾನೇನು ಜಾಣೆ... ನಾಲ್ಕು ಹುಳಕ್ಕೆ ಮೊದಲು ಕೊಟ್ಟು ನೋಡಬೇಕಿತ್ತು.

ಜುಲೈ 24
ಸತ್ತವನ್ನು ಗುಂಡಿಗೆ ಹಾಕಿ, ಸುಣ್ಣ ಸುರಿದು ಮುಚ್ಚಿದೆ. ಮೂರು ದಿನ ಅದೇ ಕೆಲಸ. ಮೇಲಿನ ಅಂತಸ್ತಿನ ಹುಳು ಹಣ್ಣಾಗಿವೆ, ತಿನ್ನುವುದು ನಿಲ್ಲಿಸಿವೆ. ಬಿದಿರಿನ ಚಂದ್ರಿಕೆಗೆ ಬಿಟ್ಟೆ. ಗೂಡು ಕಟ್ಟಲು ಶುರು ಮಾಡಿವೆ.

"ಬೆಳೆ ಕೆಡ್ತಲ್ಲ. ನಾಳೆ ಟ್ರಾಕ್ಟ್ರು ಬತ್ತದೆ" ಎಂದರು ಭಾವ.

"ಕೆಟ್ಟಿಲ್ಲ ಭಾವ. ಕಾಲು ಭಾಗ ಗೂಡಾಯ್ತಾ ಅವೆ."

"ಕಾಲು ಭಾಗನೂ ಒಂದು ಬೆಳೆಯಾ?"

"ಆ ಪುಡಿ ಕುಡಿದಂಗೆ ಇದನ್ನೂ ನುಂಗ್ಕಳಿ."

ಮದುವೆಯಾದ ಎಂಟು ವರ್ಷದಲ್ಲಿ ಮೊದಲ ಸಲ ಎದುರಾಡಿದೆ. ಯಜಮಾನರು ಎದ್ದು ಹೊರಗೆ ಹೋದರು.

ಜುಲೈ 25, ಬೆಳಿಗ್ಗೆ 7
ಅಣ್ಣನ ಎದುರು ನಿಲ್ಲಬೇಡ ಅನ್ನುತ್ತಿದ್ದಾರೆ ಯಜಮಾನರು. ಟೀ ಕೊಟ್ಟು ಕೂರಿಸಿದ್ದೇನೆ, ಅಷ್ಟೇ ಅವರ ಕೈಲಾಗುವುದು. ಟ್ರಾಕ್ಟರ್ ಸದ್ದು. ತೋಟದ ದಾರಿಗೇ ತಿರುಗಿತು. ಹೋಗಿ ಅದರ ಮುಂದೆ ಕೂತುಬಿಡುತ್ತೇನೆ.